ಬಾಯ್ಲರ್ ಕಾಯುವವನೂ ದವಾಖಾನೆಯ ಮನುಷ್ಯನೇ

ಒಂದು ಬೇಸಿಗೆಯ ಮಾತು. ನಿಲಂಗಾ ಕಡೆ ಕೊಟ್ಟ ನಮ್ಮ ಅಕ್ಕನಿಗೆ ಪಿತ್ತಕೋಶದಲ್ಲಿ ಹರಳಾಗಿತ್ತು. ಆಪರೇಶನ್ ಆಗಲೇಬೇಕು ಅಂದರು. ಒಂದು ದೊಡ್ಡ ಸರಕಾರಿ ದವಾಖಾನೆಗೆ ಕರೆದುಕೊಂಡು ಹೋದೆವು. ಯಾವ ಊರು ಅಂತ ಹೇಳುವುದಿಲ್ಲ. ಯಾಕಂದ್ರ ಹೆಸರು ಹೇಳಿದರೆ ಉಳಿದ ಊರಿನವರು ‘ನಮ್ಮಲ್ಲಿ ಹಂಗಿಲ್ಲ ಬಿಡ್ರಿ’ ಅಂತ ಆರಾಮ ಕೂಡುತ್ತಾರೆ.

ರಾತ್ರಿಯಿಂದ ಅಕ್ಕನಿಗೆ ಉಪವಾಸ. ಬೆಳಿಗ್ಗೆ ಎಂಟಕ್ಕೆ ಹಸಿರು ಅಂಗಿ ತೊಡಿಸಿ ಸ್ಟ್ರೆಚರ್ ಮೇಲೆ ಮಲಗಿಸಿದರು. ಒಂಬತ್ತಾಯಿತು, ಹತ್ತಾಯಿತು, ಹನ್ನೊಂದಾಯಿತು. ಕೊನೆಗೆ ಸಿಸ್ಟರ್ ಬಂದು, ‘ಕಾಕಾ, ಇವತ್ತು ಆಗಂಗಿಲ್ಲ, ನಾಳಿ ನೋಡೋಣ’ ಅಂದರು. ಡಾಕ್ಟರು ಬಂದಿಲ್ಲೇನು? ಬಂದಾರ. ಔಷಧ ಇಲ್ಲೇನು? ಅದ. ಕರೆಂಟ್? ಅದೂ ಅದ. ಮತ್ತೇನಿಲ್ಲ? ‘ಎಸಿ ಪ್ಲಾಂಟ್ ಬಂದ್ ಅದ. ಆಪರೇಟರ್ ಆಲಾ ನಾಹೀ.’

ನಾನು ಹದಿನೆಂಟು ಹಂಗಾಮು ಸಕ್ಕರೆ ಕಾರಖಾನೆಯ ಬಾಯ್ಲರ್ ಮುಂದೆ ನಿಂತವನು. ಸುಮ್ಮನೆ ಕೂಡಲಾಗಲಿಲ್ಲ. ದವಾಖಾನೆಯ ಹಿಂಬದಿಗೆ ಹೋದೆ. ಪ್ಲಾಂಟಿನ ಬಾಗಿಲಿಗೆ ಬೀಗ. ಕಾವಲಿನವ ಪರಿಚಯ ಆಗಿ ಬಾಗಿಲು ತೆಗೆದ. ಎರಡು ಚಿಲ್ಲರ್, ಬಣ್ಣ ಕೂಡ ಮಾಸಿಲ್ಲ. ‘ಹಳೇ ಗುತ್ತೇದಾರನ ಮುದ್ದತು 31ಕ್ಕ ಮುಗೀತು. ಹೊಸಬನ ಹುಡುಗರು ಇನ್ನಾ ಬಂದಿಲ್ಲ’ ಅಂದ. ಮೇಜಿನ ಮೇಲೆ ಲಾಗ್ ಬುಕ್ ಇತ್ತು, ತಿರುವಿ ನೋಡಿದೆ. ಒಳಗೆ ಬರುವ ನೀರು 12 ಡಿಗ್ರಿ, ಹೊರಗೆ ಹೋಗುವ ನೀರು 7 ಡಿಗ್ರಿ. ತಾಸು ತಾಸಿಗೂ ಅದೇ ಅಂಕಿ, ಒಂದೇ ಪೆನ್ನು, ಒಂದೇ ಅಕ್ಷರ. ಕರೆಂಟ್ ಹೋಗಿದ್ದ ತಾಸಿನಲ್ಲೂ 12 ಮತ್ತು 7! ಯಂತ್ರ ಸುಳ್ಳು ಹೇಳುವುದಿಲ್ಲ, ಪುಸ್ತಕ ಹೇಳುತ್ತದೆ.

ಅಕ್ಕನಿಗೆ ಮೂರು ದಿನದ ಮೇಲೆ ಆಪರೇಶನ್ ಆಯಿತು, ಈಗ ಆರಾಮ ಇದ್ದಾಳೆ. ಪಕ್ಕದ ಕಾಟಿನಲ್ಲಿದ್ದ ದೇವಣಿ ಕಡೆಯ ರೈತ ಮಾತ್ರ ಕಾಯಲಾರದೆ ಖಾಸಗಿ ದವಾಖಾನೆಗೆ ಹೋದ. ಬಿಲ್ಲಿಗಾಗಿ ಎರಡು ಹೋರಿ ಮಾರಿದ ಸುದ್ದಿ ಆಮೇಲೆ ಬಂತು. ದೇವಣಿ ಹೋರಿಯ ಬೆಲೆ ಏನು, ಅದನ್ನು ಮಾರಿದ ಮನೆಯ ಗತಿ ಏನು ಅಂತ ಈ ಪುಟ ಓದುವವರಿಗೆ ನಾನು ಹೇಳಬೇಕಾಗಿಲ್ಲ. ಆ ಎರಡು ಹೋರಿ ಹೋದದ್ದು ಡಾಕ್ಟರರ ತಪ್ಪಿನಿಂದಲ್ಲ, ಔಷಧದ ಕೊರತೆಯಿಂದಲ್ಲ. ಒಂದು ಟೆಂಡರಿನ ಎರಡು ತಾರೀಖಿನ ನಡುವಿನ ಸಂದಿಯಲ್ಲಿ ಬಿದ್ದು ಹೋದವು. ಈ ಸಂದಿಯ ಬಗ್ಗೆ ನಾಲ್ಕು ಮಾತು ಹೇಳುವುದಕ್ಕೆ ಈ ಲೇಖನ.

ಹಿಂದಿನ ಬಾಗಿಲಿನ ಕೆಲಸ

ದವಾಖಾನೆ ಅಂದರೆ ನಮ್ಮ ಕಣ್ಣಿಗೆ ಡಾಕ್ಟರು, ಸಿಸ್ಟರು, ಚೀಟಿ, ಸಾಲು. ಹಿಂದಿನ ಬಾಗಿಲಿನಲ್ಲಿ ಏನು ನಡೆಯುತ್ತದೆ ಅಂತ ಯಾರೂ ನೋಡುವುದಿಲ್ಲ.

ದೊಡ್ಡ ದವಾಖಾನೆಯ ಬಾಯ್ಲರ್‌ಗೆ ಮೂರು ಕೆಲಸ. ನೂರಾರು ಕಾಟುಗಳ ಚಾದರ, ರಕ್ತ ಬಿದ್ದ ಬಟ್ಟೆ ಒಗೆಯುವುದಕ್ಕೆ ಉಗಿ ಬೇಕು. ಅಡಿಗೆಗೆ, ಬಿಸಿನೀರಿಗೆ ಉಗಿ ಬೇಕು. ಎಲ್ಲಕ್ಕಿಂತ ಮುಖ್ಯ, ಆಪರೇಶನ್ನಿನ ಕತ್ತರಿ, ಚಿಮಟಾ, ಬಟ್ಟೆಗಳ ಕ್ರಿಮಿ ಕೊಲ್ಲುವುದಕ್ಕೆ ಉಗಿ ಬೇಕು. ಇದಕ್ಕೆ ಆಟೋಕ್ಲೇವ್ ಅನ್ನುತ್ತಾರೆ. 15 ಪೌಂಡ್ ಒತ್ತಡದಲ್ಲಿ 121 ಡಿಗ್ರಿ ಶಾಖ, ಕಡಿಮೆ ಅಂದರೆ ಕಾಲು ತಾಸು. ನಮ್ಮ ಮನೆಯ ಕುಕ್ಕರಿನದೇ ತತ್ವ. ಆದರೆ ಉಗಿ ಒಣಗಿರಬೇಕು. ಹಸಿ ಉಗಿ ಬಂದರೆ ಗಂಟು ಒದ್ದೆಯಾಗಿ ಹೊರಬರುತ್ತದೆ. ಒದ್ದೆ ಗಂಟು ಶುದ್ಧವಲ್ಲ, ಮತ್ತೆ ಹಾಕಬೇಕು. ಉಗಿ ಒಣಗಿದೆಯೋ ಹಸಿಯೋ ಎಂಬುದು ಬಾಯ್ಲರ್ ಮುಂದೆ ನಿಂತವನ ಕೈಯಲ್ಲಿದೆ. ನೀರಿನ ಮಟ್ಟ ಜಾಸ್ತಿ ಮಾಡಿದರೆ ಉಗಿಯ ಜೊತೆ ನೀರೂ ಹಾರುತ್ತದೆ. ಕಡಿಮೆ ಮಾಡಿದರೆ ಕೊಳವೆ ಸುಡುತ್ತದೆ. ಸುಟ್ಟು ಕೆಂಪಾದ ಕೊಳವೆಗೆ ಗಾಬರಿಯಲ್ಲಿ ತಣ್ಣೀರು ಬಿಟ್ಟರೆ ಬಾಯ್ಲರ್ ಸಿಡಿಯಬಹುದು. ಆ ಗಳಿಗೆಯಲ್ಲಿ ನೀರು ಬಿಡಬಾರದು, ಮೊದಲು ಬೆಂಕಿ ನಿಲ್ಲಿಸಬೇಕು. ಇದು ಗೊತ್ತಿರುವವನಿಗೂ ಗೊತ್ತಿಲ್ಲದವನಿಗೂ ಪಗಾರದ ಫರಕು ಎಷ್ಟು ಅಂತ ಟೆಂಡರಿನಲ್ಲಿ ನೋಡಿದರೆ ನಗು ಬರುತ್ತದೆ.

ಚಿಲ್ಲರ್ ಅಂದರೆ ನೀರು ತಣ್ಣಗೆ ಮಾಡುವ ದೊಡ್ಡ ಯಂತ್ರ. ಆ ನೀರು ಪೈಪಿನಲ್ಲಿ ಹೋಗಿ ಆಪರೇಶನ್ ಕೋಣೆ, ಐಸಿಯು ಗಾಳಿಯನ್ನು ತಂಪು ಮಾಡುತ್ತದೆ. ಇದನ್ನು ‘ಟನ್’ ಲೆಕ್ಕದಲ್ಲಿ ಅಳೆಯುತ್ತಾರೆ. ನಮ್ಮ ತೊಗರಿ, ಸೋಯಾಬೀನಿನ ಟನ್ ಅಲ್ಲ ಇದು. ಒಂದು ಟನ್ ಮಂಜುಗಡ್ಡೆ 24 ತಾಸಿನಲ್ಲಿ ಕರಗುವಾಗ ಎಷ್ಟು ಶಾಖ ಹೀರುತ್ತದೋ ಅಷ್ಟು ಶಾಖ ಹೊರಹಾಕುವ ಶಕ್ತಿ. ‘ಬಡವರ ದವಾಖಾನಿಗ ಎಸಿ ಯಾಕ್ರಿ?’ ಅಂತ ಕೆಲವರು ಕೇಳುತ್ತಾರೆ. ಇದು ಸುಖದ ಎಸಿ ಅಲ್ಲ. ಆಪರೇಶನ್ ಕೋಣೆಯ ಗಾಳಿ ತಾಸಿಗೆ 20 ಸಲವಾದರೂ ಬದಲಾಗಬೇಕು, ಸಣ್ಣ ಜಾಳಿಗೆಯಲ್ಲಿ ಸೋಸಿ ಬರಬೇಕು. ಒಳಗಿನ ಗಾಳಿಯ ಒತ್ತಡ ಹೊರಗಿನದಕ್ಕಿಂತ ತುಸು ಹೆಚ್ಚಿರಬೇಕು. ಬಾಗಿಲು ತೆರೆದಾಗ ಗಾಳಿ ಹೊರಗೆ ಹೋಗಬೇಕೇ ಹೊರತು ವರಾಂಡದ ಧೂಳು ಒಳಗೆ ಬರಬಾರದು. ಶಾಖ 21 ಡಿಗ್ರಿಯ ಆಸುಪಾಸು. ಮೇ ತಿಂಗಳಲ್ಲಿ ಉದಗೀರದಲ್ಲಿ ಹೊರಗೆ 40 ದಾಟಿರುವಾಗ ಇದು ಫ್ಯಾನಿನಿಂದ ಆಗುವ ಕೆಲಸವಲ್ಲ.

ಚಿಲ್ಲರ್ ಬಟನ್ ಒತ್ತಿದರೆ ಸುರು ಆಗುತ್ತದೆ ಅನ್ನುವುದೂ ತಪ್ಪು. ಮೊದಲು ಪಂಪು, ಆಮೇಲೆ ಕೂಲಿಂಗ್ ಟವರಿನ ಫ್ಯಾನು, ನೀರು ಹರಿಯುವುದು ಖಾತ್ರಿ ಆದಮೇಲೆ ಕಂಪ್ರೆಸರ್. ನೀರು ನಿಂತಿರುವಾಗ ಕಂಪ್ರೆಸರ್ ಓಡಿದರೆ ಕೊಳವೆಯೊಳಗೆ ನೀರು ಹೆಪ್ಪುಗಟ್ಟಿ ಕೊಳವೆ ಒಡೆಯುತ್ತದೆ. ಬಹಳ ಹೊತ್ತು ಕರೆಂಟ್ ಹೋಗಿ ಬಂದಾಗ ಎಣ್ಣೆ ಬಿಸಿಯಾಗುವ ತನಕ ಕಾಯಬೇಕು. ಕಾಯದಿದ್ದರೆ ಲಕ್ಷಗಟ್ಟಲೆ ರೂಪಾಯಿಯ ಕಂಪ್ರೆಸರ್ ಹೋಯಿತು. ಕಾಯುವ ಬುದ್ಧಿಯೇ ಆಪರೇಟರನ ವಿದ್ಯೆ.

ನೀರಿನ ಲೆಕ್ಕ

ನಮ್ಮ ಭಾಗದ ಬೋರಿನ ನೀರು ಗಡಸು. ಹಂಡೆಯ ತಳದಲ್ಲಿ ಬಿಳಿ ಪೊರೆ ಕಟ್ಟುವುದು ಪ್ರತಿ ಮನೆಯಲ್ಲೂ ಕಾಣುತ್ತದೆ. ಬಾಯ್ಲರ್ ಕೊಳವೆಯಲ್ಲೂ ಅದೇ ಪೊರೆ ಕಟ್ಟುತ್ತದೆ. ಪೊರೆ ಶಾಖವನ್ನು ನೀರಿಗೆ ಹೋಗಗೊಡುವುದಿಲ್ಲ. ಡೀಸೆಲ್ ಹೆಚ್ಚು ಉರಿಯುತ್ತದೆ, ಕೊಳವೆ ಬೇಗ ಸುಡುತ್ತದೆ. ಅದಕ್ಕಾಗಿ ನೀರನ್ನು ಮೆದು ಮಾಡುವ ಯಂತ್ರ ಇರುತ್ತದೆ. ಅದಕ್ಕೆ ನಿಗದಿತ ಹೊತ್ತಿಗೆ ಉಪ್ಪು ಹಾಕಿ ತೊಳೆಯಬೇಕು. ದಿನವೂ ಬಾಯ್ಲರ್ ತಳದ ಕೆಸರು ನೀರು ಹೊರಬಿಡಬೇಕು. ಉಪ್ಪಿನ ಚೀಲಕ್ಕೆ ಯಾರು ರೊಕ್ಕ ಕೊಡಬೇಕು, ದವಾಖಾನೆಯೋ ಗುತ್ತೇದಾರನೋ ಎಂಬ ಜಗಳದಲ್ಲಿ ತಿಂಗಳುಗಟ್ಟಲೆ ಉಪ್ಪು ಬಾರದೆ ಬಾಯ್ಲರ್ ಸತ್ತದ್ದನ್ನು ನಾನು ಕಂಡಿದ್ದೇನೆ. ಉಪ್ಪಿಗೆ ಕಂಜೂಸಿ ಮಾಡಿ ಲಕ್ಷದ ಯಂತ್ರ ಕಳೆದುಕೊಂಡ ಹಾಗೆ.

ಕೂಲಿಂಗ್ ಟವರ್ ಇರುವ ಚಿಲ್ಲರ್ ಮಾತು ಇನ್ನೊಂದು. ನೂರು ಟನ್ನಿನ ಯಂತ್ರ ಪೂರ್ತಿ ಭಾರದಲ್ಲಿ ಓಡಿದರೆ ತಾಸಿಗೆ 600-700 ಲೀಟರ್ ನೀರು ಆವಿಯಾಗಿ ಹೋಗುತ್ತದೆ. 2016ರ ಏಪ್ರಿಲ್‌ನಲ್ಲಿ ಲಾತೂರಿಗೆ ಮಿರಜದಿಂದ ರೈಲಿನಲ್ಲಿ ಕುಡಿಯುವ ನೀರು ಬಂತು. ಮೊದಲ ರೈಲು ತಂದದ್ದು 5 ಲಕ್ಷ ಲೀಟರ್. ಅಂಥ ನಾಡು ನಮ್ಮದು. ಇಲ್ಲಿ ನೀರಿನ ಕೈ ಬಿಗಿಹಿಡಿದು ಪ್ಲಾಂಟ್ ನಡೆಸುವ ಅನುಭವಿ ಬೇಕು. ಟವರಿನ ನೀರು ಬದಲಿಸದೆ, ಔಷಧ ಹಾಕದೆ ಬಿಟ್ಟರೆ ಅದೇ ರೋಗದ ಗೂಡು. 1976ರಲ್ಲಿ ಅಮೆರಿಕದ ಫಿಲಡೆಲ್ಫಿಯಾದ ಹೋಟೆಲೊಂದರಲ್ಲಿ ಸೇರಿದ ಮಾಜಿ ಸೈನಿಕರಿಗೆ ಒಮ್ಮೆಲೆ ನ್ಯುಮೋನಿಯಾ ಬಂದು ಹಲವರು ಸತ್ತರು. ಲೀಜಿಯೊನೆಲ್ಲಾ ಎಂಬ ಆ ಕ್ರಿಮಿ ಬೆಳೆಯುವುದು ಇಂಥ ನಿಂತ ಬೆಚ್ಚನೆ ನೀರಿನಲ್ಲಿ. ರೋಗ ವಾಸಿ ಮಾಡುವ ಕಟ್ಟಡದ ಮಾಳಿಗೆಯ ಮೇಲೆಯೇ ರೋಗ ಸಾಕುವುದು ಯಾವ ನ್ಯಾಯ?

ಕಾರಖಾನೆಗೊಂದು, ದವಾಖಾನೆಗೊಂದು

ಮುರುಮಿನ ಕಾರಖಾನೆ, ಅಂಬುಲಗಾದ ಕಾರಖಾನೆ, ಆಚೆ ಹಳ್ಳಿಖೇಡ, ಹುಣಜಿ, ಇಮಾಮಪುರ. ಗಡಿಯ ಎರಡೂ ಕಡೆ ಬಾಯ್ಲರ್ ಅಂದರೇನು ಅಂತ ಹಳ್ಳಿ ಹುಡುಗರಿಗೆ ಕಲಿಸಿದ್ದು ಸಕ್ಕರೆ ಕಾರಖಾನೆಗಳೇ. ಬಾಯ್ಲರ್‌ನ ಜೊತೆಗೆ ತಂಪಿನ ಯಂತ್ರದ ವಿದ್ಯೆ ಕಲಿಸಿದ್ದು ಉದಗೀರದ ಸರಕಾರಿ ಹಾಲಿನ ಪುಡಿ ಕಾರಖಾನೆ. ಹಾಲು ತಂಪು ಮಾಡುವುದಕ್ಕೆ ಒಂದು, ಒಣಗಿಸಿ ಪುಡಿ ಮಾಡುವುದಕ್ಕೆ ಒಂದು, ಎರಡೂ ವಿದ್ಯೆ ಅಲ್ಲಿತ್ತು. ಅದರ ಬಾಗಿಲು ಮುಚ್ಚಿ ಎಷ್ಟೋ ವರ್ಷವಾಯಿತು. ಯಂತ್ರದ ಜೊತೆಗೆ ವಿದ್ಯೆಗೂ ತುಕ್ಕು ಹಿಡಿಯಿತು.

ಕಾರಖಾನೆಯಲ್ಲಿ ಬಾಯ್ಲರ್‌ಗೆ ಬೆಂಕಿ ಹಾಕಬೇಕಾದರೆ ಪ್ರಮಾಣಪತ್ರ ಇದ್ದವ ಬೇಕೇ ಬೇಕು. ಇದು ಮಾಲೀಕರ ಔದಾರ್ಯವಲ್ಲ, ಕಾಯ್ದೆ. 1863ರಲ್ಲಿ ಕಲಕತ್ತೆಯಲ್ಲಿ ಬಾಯ್ಲರ್ ಸಿಡಿದು ಜನ ಸತ್ತ ಮೇಲೆ ಬಂಗಾಲದಲ್ಲಿ 1864ರಲ್ಲಿ ಮೊದಲ ಕಾಯ್ದೆ ಬಂತು. ಆಮೇಲೆ ದೇಶಕ್ಕೆಲ್ಲ 1923ರ ಭಾರತೀಯ ಬಾಯ್ಲರ್ ಕಾಯ್ದೆ. ಅದು ನೂರು ವರ್ಷ ನಡೆಯಿತು. ಅದರ ಜಾಗದಲ್ಲಿ ಹೊಸ ಬಾಯ್ಲರ್ ಕಾಯ್ದೆ 2025ರ ಮೇ 1ರಿಂದ ಜಾರಿಯಲ್ಲಿದೆ. ಬಾಯ್ಲರ್ ನೋಂದಣಿ ಆಗಬೇಕು, ತಪಾಸಣೆ ಆಗಿ ಪ್ರಮಾಣಪತ್ರ ಸಿಗಬೇಕು, ಅರ್ಹತೆಯವನ ಕೈಯಲ್ಲೇ ನಡೆಯಬೇಕು. ಹಳೆಯದರಲ್ಲೂ ಹೊಸದರಲ್ಲೂ ಮೂಲ ಮಾತು ಇದೇ. ಸಕ್ಕರೆಗೂ ದವಾಖಾನೆಗೂ ಕಾಯ್ದೆ ಒಂದೇ. ಕಲಬುರಗಿಗೊಂದು, ಲಾತೂರಿಗೊಂದು ಅಂತಲೂ ಇಲ್ಲ.

ಆದರೆ 25 ಲೀಟರಿಗಿಂತ ಸಣ್ಣ ಬಾಯ್ಲರ್, 100 ಡಿಗ್ರಿಯ ಒಳಗೇ ನೀರು ಕಾಯಿಸುವ ಯಂತ್ರ ಇವು ಕಾಯ್ದೆಯ ಬಲೆಗೆ ಬೀಳುವುದಿಲ್ಲ. ಇನ್ನು ಚಿಲ್ಲರ್ ನಡೆಸುವವನಿಗೆ ಬಾಯ್ಲರ್‌ಗೆ ಇದ್ದಂಥ ಪ್ರಮಾಣಪತ್ರದ ಕಟ್ಟಳೆಯೇ ಇಲ್ಲ. ಟೆಂಡರಿನಲ್ಲಿ ಏನು ಬರೆದಿರುತ್ತದೋ ಅದೇ ಅವನ ಅರ್ಹತೆ. ಟೆಂಡರ್ ಬರೆಯುವವರು ಬಹಳ ಸಲ ಏನು ಬರೆಯುತ್ತಾರೆ? ‘ಕುಶಲ ಕಾರ್ಮಿಕ’ ಅಂತ ಎರಡು ಶಬ್ದ. ಆ ಎರಡು ಶಬ್ದದಲ್ಲಿ ಐಟಿಐ ಓದಿದವನೂ ಬರುತ್ತಾನೆ, ನಿನ್ನೆ ತನಕ ಹಮಾಲಿ ಮಾಡಿದವನೂ ಬರುತ್ತಾನೆ.

ಟೆಂಡರಿನ ಗಣಿತ

ವ್ಯಾಪಾರಸ್ಥರು ಓದುವ ಪುಟ ಇದು. ಲೆಕ್ಕ ಹಾಕೋಣ.

ಒಂದು ಯಂತ್ರದ ಮುಂದೆ ದಿನದ 24 ತಾಸೂ ಒಬ್ಬ ನಿಲ್ಲಬೇಕು. ದಿನಕ್ಕೆ ಮೂರು ಪಾಳಿ, ವಾರಕ್ಕೆ 21 ಪಾಳಿ. ಒಬ್ಬ ಮನುಷ್ಯ ವಾರಕ್ಕೆ ಆರು ಪಾಳಿ ಮಾಡಬಹುದು, ಒಂದು ದಿನ ರಜೆ. 21ನ್ನು 6ರಿಂದ ಭಾಗಿಸಿದರೆ ಮೂರೂವರೆ. ಹಬ್ಬ, ಜ್ವರ, ಮದುವೆ, ಮಣ್ಣು ಅಂತ ಸೇರಿಸಿದರೆ ನಾಲ್ಕು ಮಂದಿಗಿಂತ ಕಡಿಮೆಯಲ್ಲಿ ಆಗುವುದಿಲ್ಲ. ಬಾಯ್ಲರ್‌ಗೆ ನಾಲ್ಕು, ಚಿಲ್ಲರ್‌ಗೆ ನಾಲ್ಕು, ಒಟ್ಟು ಎಂಟು. ನಾನು ನೋಡಿದ ಟೆಂಡರ್ ಕಾಗದದಲ್ಲಿ ಎರಡಕ್ಕೂ ಸೇರಿ ಆರು ಇತ್ತು. ಉಳಿದ ಇಬ್ಬರು ಎಲ್ಲಿ? ಅವರು ಇದ್ದ ಆರು ಮಂದಿಯ ನಿದ್ದೆಯಲ್ಲಿದ್ದಾರೆ. ಒಬ್ಬ ಬರದಿದ್ದರೆ ಇನ್ನೊಬ್ಬ 16 ತಾಸು ನಿಲ್ಲುತ್ತಾನೆ. 16 ತಾಸು ನಿಂತವನ ಕಣ್ಣಿಗೆ ನೀರಿನ ಮಟ್ಟದ ಗಾಜು ಕಾಣುವುದಿಲ್ಲ. ಪುಸ್ತಕದಲ್ಲಿ 12 ಮತ್ತು 7 ಬರೆದು ಮಲಗುತ್ತಾನೆ. ಆ ಸುಳ್ಳು ಅಂಕಿಗೆ ನಾನು ಆ ಹುಡುಗನನ್ನು ಬೈಯಲಾರೆ. ಆ ಸುಳ್ಳನ್ನು ಟೆಂಡರ್ ಮೊದಲೇ ಬರೆದಿಟ್ಟಿತ್ತು.

ಇನ್ನು ದರದ ಮಾತು. ಕನಿಷ್ಠ ಪಗಾರ ಸರಕಾರ ಗೊತ್ತು ಮಾಡಿದ್ದು, ಅದನ್ನು ಯಾರೂ ಇಳಿಸುವಂತಿಲ್ಲ. ಪಿಎಫ್‌ನಲ್ಲಿ ಮಾಲೀಕನ ಪಾಲು ಶೇಕಡಾ 12, ಇಎಸ್‌ಐನಲ್ಲಿ ಶೇಕಡಾ 3.25, ಅದೂ ಕಟ್ಟಿಟ್ಟದ್ದು. ಮತ್ತೆ ಗುತ್ತೇದಾರರು ಪೈಪೋಟಿ ಮಾಡುವುದು ಯಾವುದರಲ್ಲಿ? ತಮ್ಮ ಕಮಿಷನ್ನಿನಲ್ಲಿ. ಶೂನ್ಯ ಕಮಿಷನ್ನಿಗೆ ಟೆಂಡರ್ ಹಾಕುವವರು ಹೆಚ್ಚಾದಾಗ 2014ರಲ್ಲಿ ಕೇಂದ್ರದ ಹಣಕಾಸು ಮಂತ್ರಾಲಯ ಅಂಥ ಟೆಂಡರ್ ಒಪ್ಪಬಾರದು ಅಂತ ಹೇಳಿತು. ಆಗ ಶೂನ್ಯದ ಮುಂದೆ ಒಂದು ಚುಕ್ಕಿ ಇಟ್ಟು ಪೈಸೆ ಲೆಕ್ಕ ಹಾಕುವವರು ಬಂದರು. ಅಡತಿ ಅಂಗಡಿ ನಡೆಸುವವರಿಗೆ ಕೇಳುತ್ತೇನೆ: ಅಡತಿಯೇ ಬೇಡ, ಪುಕ್ಕಟೆ ನಿಮ್ಮ ಮಾಲು ಮಾರಿ ಕೊಡತೀನಿ ಅಂತ ಒಬ್ಬ ಬಂದರೆ ನೀವು ನಂಬುತ್ತೀರಾ? ತೂಕದಲ್ಲಿ ಹೊಡೆಯುತ್ತಾನೆ ಅಂತ ತಕ್ಷಣ ಹೇಳುತ್ತೀರಿ. ಇಲ್ಲಿಯೂ ಹೊಡೆತ ಬೀಳುವುದು ತೂಕದಲ್ಲೇ. ಎಂಟು ಮಂದಿ ತೋರಿಸಿ ಐದು ಮಂದಿ ಇಡುವುದು, ಕೆಲಸಕ್ಕೆ ಸೇರುವಾಗ ‘ಡಿಪಾಜಿಟ್’ ಅಂತ ಹುಡುಗರಿಂದಲೇ ತೆಗೆದುಕೊಳ್ಳುವುದು, ಬ್ಯಾಂಕಿಗೆ ಹಾಕಿದ ಪಗಾರದಲ್ಲಿ ಅರ್ಧ ತಿರುಗಿ ಕೈಗೆ ಕೇಳುವುದು. ನಮ್ಮೂರ ಪಕ್ಕದ ಒಬ್ಬ ಹುಡುಗ ಎರಡು ವರ್ಷ ಇಂಥ ನೌಕರಿ ಮಾಡಿ ಬಿಟ್ಟು ಬಂದ. ‘ಕಾಕಾ, ಎಟಿಎಂ ಕಾರ್ಡ್ ಸುಪರ್‌ವೈಸರ್ ಹತ್ರನೇ ಇರ್ತಿತ್ತು’ ಅಂದ. ಅದು ಯಾವ ಕಂಪನಿ ಎಂಬುದು ಇಲ್ಲಿ ಮುಖ್ಯವಲ್ಲ. ದವಾಖಾನೆಯ ಯಾವ ಸಾಹೇಬನೂ ಅವನನ್ನು ಎರಡು ವರ್ಷದಲ್ಲಿ ಒಮ್ಮೆಯೂ ‘ಪಗಾರ ಬಂತೇನಪ್ಪಾ’ ಅಂತ ಕೇಳಲಿಲ್ಲ ಎಂಬುದು ಮುಖ್ಯ.

ಗುತ್ತೇದಾರ ಪಗಾರ ಕೊಡದಿದ್ದರೆ ಮೂಲ ಮಾಲೀಕನೇ ಕೊಡಬೇಕು ಅಂತ 1970ರ ಗುತ್ತಿಗೆ ಕಾರ್ಮಿಕರ ಕಾಯ್ದೆಯಲ್ಲಿ ಇತ್ತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಯಲ್ಲೂ ಈ ಜವಾಬ್ದಾರಿ ಉಳಿದಿದೆ. ಗುತ್ತಿಗೆಗೆ ಕೊಟ್ಟ ಕೂಡಲೇ ಸರಕಾರದ ಕೈ ತೊಳೆದಂತಾಗುವುದಿಲ್ಲ.

ಲಾವಣಿ ಹೊಲಕ್ಕೆ ಗೊಬ್ಬರ ಯಾರು ಹಾಕುತ್ತಾರೆ?

ರೈತರಿಗೆ ತಿಳಿಯುವ ಮಾತು ಹೇಳುತ್ತೇನೆ. ಒಂದೇ ವರ್ಷದ ಲಾವಣಿಗೆ ಹೊಲ ಹಿಡಿದವ ಗೊಬ್ಬರ ಹಾಕುವುದಿಲ್ಲ, ಬದು ಕಟ್ಟುವುದಿಲ್ಲ. ಮುಂದಿನ ವರ್ಷ ಹೊಲ ಯಾರದೋ. ಇದ್ದಷ್ಟು ಸಾರ ಹೀರಿ ಬಿಡುತ್ತಾನೆ. ಅವನ ತಪ್ಪೇನೂ ಅಲ್ಲ. ಹನ್ನೊಂದು ತಿಂಗಳ ಗುತ್ತಿಗೆಯ ಆಪರೇಟರನೂ ಹಂಗೇ. ಯಾವ ವಾಲ್ವ್ ತುಸು ಸೋರುತ್ತದೆ, ಯಾವ ಪಂಪು ಮಳೆಗಾಲದಲ್ಲಿ ಹಟ ಹಿಡಿಯುತ್ತದೆ, ಇದೆಲ್ಲ ಒಂದು ವರ್ಷದಲ್ಲಿ ತಲೆಗೆ ಬರುತ್ತದೆ. ಬರುವ ಹೊತ್ತಿಗೆ ಮುದ್ದತು ಮುಗಿಯುತ್ತದೆ. ಹೊಸ ಗುತ್ತೇದಾರ ತನ್ನವರನ್ನು ತರುತ್ತಾನೆ. ಹಳಬ ಹೋಗುವಾಗ ಪುಸ್ತಕ, ಪಾನಾ ಪೆಟ್ಟಿಗೆ, ಕೆಲವು ಸಲ ಕೀಲಿಕೈ ಕೂಡ ಒಯ್ಯುತ್ತಾನೆ.

‘ಹಾಗಾದ್ರ ಎಲ್ಲರನ್ನೂ ಕಾಯಂ ಮಾಡ್ರಿ’ ಅಂತ ನಾನು ಹೇಳುತ್ತಿಲ್ಲ. ಕಾಯಂ ಆಗಿ ಪಗಾರ ತಿಂದು ಬಿಸಿಲಿಗೆ ಬೆನ್ನು ಕಾಯಿಸಿದವರನ್ನೂ ನೋಡಿದ್ದೇನೆ. ಗುತ್ತಿಗೆ ಎಂಬ ಶಬ್ದಕ್ಕೇ ಬೆಂಕಿ ಹಚ್ಚುವುದರಿಂದ ಚಿಲ್ಲರ್ ಸುರು ಆಗುವುದಿಲ್ಲ. ಮಹಾರಾಷ್ಟ್ರ ಸರಕಾರ 2023ರ ಸೆಪ್ಟೆಂಬರ್‌ನಲ್ಲಿ ಒಂಬತ್ತು ಖಾಸಗಿ ಏಜೆನ್ಸಿಗಳ ಮೂಲಕ ನೌಕರರನ್ನು ತೆಗೆದುಕೊಳ್ಳುವ ಆದೇಶ ಹೊರಡಿಸಿತು. ಓದಿದ ಹುಡುಗರು ಬೀದಿಗೆ ಇಳಿದರು, ಅಕ್ಟೋಬರ್‌ನಲ್ಲಿ ಆ ಆದೇಶ ರದ್ದಾಯಿತು. ಒಳ್ಳೆಯದಾಯಿತು. ಆದರೆ ದವಾಖಾನೆಯ ಹಿಂದಿನ ಬಾಗಿಲಿನ ಗುತ್ತಿಗೆ ಅದಕ್ಕಿಂತ ಮುಂಚೆಯೂ ಇತ್ತು, ಆಮೇಲೆಯೂ ಇದೆ. ಅದರ ಸಲುವಾಗಿ ಯಾರೂ ಬೀದಿಗೆ ಇಳಿಯಲಿಲ್ಲ. ಯಾಕಂದ್ರ ಅದು ಯಾರ ಕಣ್ಣಿಗೂ ಕಾಣುವುದಿಲ್ಲ. ಗುತ್ತಿಗೆ ಇರಲಿ. ಆದರೆ ಎಂಥ ಗುತ್ತಿಗೆ? ನನ್ನ ಪ್ರಶ್ನೆ ಇಷ್ಟೇ.

2021 ಕಲಿಸಿದ್ದು

ಯಂತ್ರ ಇದ್ದರೆ ಸಾಲದು, ಯಂತ್ರ ಬಲ್ಲವನು ಬೇಕು ಅಂತ ಕೋವಿಡ್ ವರ್ಷ ನಮಗೆ ಕಣ್ಣೀರು ಹಾಕಿಸಿ ಕಲಿಸಿತು. 2021ರ ಏಪ್ರಿಲ್ 21ರಂದು ನಾಸಿಕದ ಮಹಾನಗರಪಾಲಿಕೆಯ ದವಾಖಾನೆಯಲ್ಲಿ ಆಕ್ಸಿಜನ್ ಟ್ಯಾಂಕ್ ಸೋರಿ ಒತ್ತಡ ಬಿದ್ದು 22 ಮಂದಿ ರೋಗಿಗಳು ಸತ್ತರು. ಮುಂದೆ ಹನ್ನೊಂದೇ ದಿನಕ್ಕೆ, ಮೇ 2ರ ರಾತ್ರಿ, ಚಾಮರಾಜನಗರದ ದವಾಖಾನೆಯಲ್ಲಿ ಆಕ್ಸಿಜನ್ ಸಾಲದೆ ಹಾಹಾಕಾರವಾಯಿತು. ಒಂದು ದಿನದೊಳಗೆ 24 ಜೀವ ಹೋದವು. ಒಂದು ಮಹಾರಾಷ್ಟ್ರದ್ದು, ಒಂದು ಕರ್ನಾಟಕದ್ದು. ಎರಡರಲ್ಲೂ ಕಡಿಮೆ ಬಿದ್ದದ್ದು ಹಿಂದಿನ ಬಾಗಿಲಿನ ವ್ಯವಸ್ಥೆ.

ಆಮೇಲೆ ದೇಶದ ಜಿಲ್ಲೆ ಜಿಲ್ಲೆಗೂ ಗಾಳಿಯಿಂದ ಆಕ್ಸಿಜನ್ ತೆಗೆಯುವ ಘಟಕ ಬಂದವು. ಆ ವರ್ಷದ ಅಕ್ಟೋಬರ್ ಹೊತ್ತಿಗೆ ಪಿಎಂ ಕೇರ್ಸ್ ರೊಕ್ಕದಿಂದಲೇ 1,100ಕ್ಕೂ ಮಿಕ್ಕಿ ಘಟಕ ಸುರುವಾದವು. ಒಳ್ಳೇ ಕೆಲಸ. ಅವನ್ನು ನಡೆಸುವುದಕ್ಕೆ ಸಾವಿರಾರು ಮಂದಿಗೆ ತರಬೇತಿಯನ್ನೂ ಕೊಟ್ಟರು. ತರಬೇತಿ ಪಡೆದವನನ್ನು ಅದೇ ಯಂತ್ರದ ಮುಂದೆ ಉಳಿಸಿಕೊಳ್ಳುವ ವ್ಯವಸ್ಥೆ ಮಾತ್ರ ಹಿಂದೆ ಬಿತ್ತು. ಯಂತ್ರಕ್ಕೆ ಉದ್ಘಾಟನೆಯ ಕಲ್ಲು ಇರುತ್ತದೆ. ಆಪರೇಟರನಿಗೆ ಒಂದು ಕುರ್ಚಿಯೂ ಇರುವುದಿಲ್ಲ.

ಗಡಿಯವರಿಗೆ ಯಾಕೆ ಹೆಚ್ಚು ನೋವು?

1956ರ ತನಕ ಉದಗೀರ, ನಿಲಂಗಾ ಬೀದರ ಜಿಲ್ಲೆಯಲ್ಲೇ ಇದ್ದವು. ಜಿಲ್ಲೆ ಒಡೆದು ಮೂರು ರಾಜ್ಯಕ್ಕೆ ಹೋಯಿತು, ರೋಗಿಯ ದಾರಿ ಮಾತ್ರ ಒಡೆಯಲಿಲ್ಲ. ಉದಗೀರದವ ರೈಲು ಹತ್ತಿದರೆ ಭಾಲ್ಕಿ, ಬೀದರ. ಉಮರ್ಗಾದವ ಹೆದ್ದಾರಿಗೆ ನಿಂತರೆ ಒಂದು ಕಡೆ ಸೋಲಾಪುರ, ಇನ್ನೊಂದು ಕಡೆ ಬಸವಕಲ್ಯಾಣ, ಹುಮನಾಬಾದ. ಔರಾದ ಶಹಾಜಾನಿಯವನಿಗೆ ಲಾತೂರೂ ಬೇಕು, ಬೀದರವೂ ಬೇಕು. ನಮ್ಮ ಮೂರೂ ಊರಿನಲ್ಲಿ ಸರಕಾರಿ ದವಾಖಾನೆ ಇವೆ. ಹೆರಿಗೆ, ಹಾವು ಕಡಿತ, ಸಣ್ಣ ಆಪರೇಶನ್ ಅಲ್ಲಿ ಆಗುತ್ತದೆ. ದೊಡ್ಡದಕ್ಕೆ ಚೀಟಿ ಬರೆದು ಮುಂದೆ ಕಳಿಸುತ್ತಾರೆ. ಮುಂದೆ ಅಂದರೆ ಇದೇ ಬಾಯ್ಲರ್, ಚಿಲ್ಲರ್ ಇರುವ ದೊಡ್ಡ ಕ್ಯಾಂಪಸ್. ಲಾತೂರಿನಲ್ಲಿ, ಸೋಲಾಪುರದಲ್ಲಿ ಸರಕಾರಿ ಮೆಡಿಕಲ್ ಕಾಲೇಜು ಇವೆ. ಬೀದರದಲ್ಲಿ 2007ರಿಂದ ಇದೆ. ಧಾರಾಶಿವದಲ್ಲಿ 2022ರಲ್ಲಿ ಸುರುವಾಯಿತು. ಕಲಬುರಗಿಯಲ್ಲಿ ಜಯದೇವ ಹೃದ್ರೋಗ ಸಂಸ್ಥೆಯ 371 ಹಾಸಿಗೆಯ ಹೊಸ ಕಟ್ಟಡ 2024ರ ಡಿಸೆಂಬರ್‌ನಲ್ಲಿ ಉದ್ಘಾಟನೆ ಆಯಿತು. ಕಟ್ಟಡ ಏಳುತ್ತಿವೆ, ಸಂತೋಷ. ಅಲ್ಲಿಗೆ ಮುಟ್ಟುವ ಹೊತ್ತಿಗೆ ನಮ್ಮವನ ಒಂದು ದಿನದ ಕೂಲಿ, ಗಾಡಿ ಖರ್ಚು, ಜೊತೆಗಾರನ ಊಟ ಎಲ್ಲ ಖರ್ಚಾಗಿರುತ್ತದೆ. ಅದೇ ಊರಿನವನಿಗೆ ‘ನಾಳೆ ಬಾ’ ಅಂದರೆ ಒಂದು ರಿಕ್ಷಾ ಬಾಡಿಗೆ ಹೋಯಿತು. ಗಡಿಯವನಿಗೆ ‘ನಾಳೆ ಬಾ’ ಅಂದರೆ ಹೋರಿ ಹೋಯಿತು.

2023ರಲ್ಲಿ ಮಹಾರಾಷ್ಟ್ರ ಸರಕಾರ ಗಡಿಯ 865 ಹಳ್ಳಿಗಳಿಗೆ ತನ್ನ ಆರೋಗ್ಯ ವಿಮೆ ಕೊಡುತ್ತೇನೆ ಅಂದಿತು. ಕರ್ನಾಟಕ ಸರಕಾರ ಸಿಟ್ಟಿಗೆದ್ದಿತು. ಎರಡೂ ಕಡೆ ಹೇಳಿಕೆ, ಪ್ರತಿಹೇಳಿಕೆ, ಪೇಪರಿನಲ್ಲಿ ಮುಖಪುಟ. ರೋಗಿಯ ಬಿಲ್ಲು ಯಾರು ಕಟ್ಟಬೇಕು ಎಂಬುದಕ್ಕೆ ಇಷ್ಟು ಜಗಳ ಆಡಿದ ದೊಡ್ಡವರು, ಆ ರೋಗಿ ಮಲಗುವ ಕೋಣೆಯ ಯಂತ್ರ ಯಾರು ನಡೆಸುತ್ತಾರೆ ಅಂತ ಒಂದು ಸಲವೂ ಕೇಳಿಕೊಳ್ಳಲಿಲ್ಲ. ವಿಮೆಯ ಕಾರ್ಡು ಚಿಲ್ಲರ್‌ಗೆ ತೋರಿಸಿದರೆ ಅದು ಸುರು ಆಗುತ್ತದೆಯೇ?

ಏನು ಮಾಡಬಹುದು?

ಬೈದು ಕೂಡುವುದು ಸುಲಭ. ನನ್ನ ಅನುಭವದಿಂದ ಕೆಲವು ಸೂಚನೆ ಮುಂದಿಡುತ್ತೇನೆ.

ಒಂದು, ಟೆಂಡರಿನಲ್ಲಿ ತಲೆ ಎಣಿಸುವುದು ಬಿಟ್ಟು ಕೆಲಸ ಎಣಿಸಬೇಕು. ಆಪರೇಶನ್ ಕೋಣೆಯಲ್ಲಿ ಇಷ್ಟು ಡಿಗ್ರಿ, ಉಗಿಯಲ್ಲಿ ಇಷ್ಟು ಪೌಂಡ್, ತಿಂಗಳಿಗೆ ಇಷ್ಟು ತಾಸಿಗಿಂತ ಹೆಚ್ಚು ಬಂದ್ ಇರಬಾರದು. ಸರಿ ನಡೆದರೆ ಪೂರ್ತಿ ಬಿಲ್ಲು, ತಪ್ಪಿದರೆ ಕಡಿತ. ಅಂಕಿಯನ್ನು ಗುತ್ತೇದಾರನ ಹುಡುಗ ಒಬ್ಬನೇ ಬರೆಯಬಾರದು. ಆಪರೇಶನ್ ಕೋಣೆಯ ಸಿಸ್ಟರ್ ತಮ್ಮ ಗೋಡೆಯ ಮಾಪಕ ನೋಡಿ ಇನ್ನೊಂದು ಪುಸ್ತಕದಲ್ಲಿ ಬರೆಯಬೇಕು. ಎರಡು ಪುಸ್ತಕ ತಾಳೆ ಆಗಬೇಕು. ಕಿರ್ದಿಗೂ ಖಾತೆಗೂ ತಾಳೆ ನೋಡುವುದು ನಮ್ಮ ವ್ಯಾಪಾರಸ್ಥರಿಗೆ ಹೊಸದೇನಲ್ಲ.

ಎರಡು, ಒಂದು ಯಂತ್ರಕ್ಕೆ ನಾಲ್ಕು ಮಂದಿ ಎಂಬ ಲೆಕ್ಕ ಟೆಂಡರಿನಲ್ಲೇ ಬರಬೇಕು. ಅವರ ಪ್ರಮಾಣಪತ್ರದ ನಕಲು ಟೆಂಡರಿನ ಜೊತೆಗೇ ಇರಬೇಕು, ಕೆಲಸ ಸಿಕ್ಕಮೇಲೆ ತರುತ್ತೇನೆ ಅನ್ನಬಾರದು. ಚಿಲ್ಲರ್‌ಗೆ ಐಟಿಐಯ ಫ್ರಿಜ್-ಎಸಿ ಟ್ರೇಡ್ ಓದಿದವ ಬೇಕು ಅಂತ ಸ್ಪಷ್ಟ ಬರೆಯಬೇಕು.

ಮೂರು, ಗುತ್ತಿಗೆ ಕಡಿಮೆ ಅಂದರೆ ಮೂರು ವರ್ಷ ಇರಲಿ. ಗುತ್ತೇದಾರ ಬದಲಾದರೂ ಅನುಭವಿ ಆಪರೇಟರ್ ಉಳಿಯಲಿ. ಹಳಬನೂ ಹೊಸಬನೂ ಹದಿನೈದು ದಿನ ಜೊತೆಗೆ ನಿಂತು ಕೆಲಸ ಒಪ್ಪಿಸಲಿ. ಕೀಲಿಕೈ, ಪುಸ್ತಕ, ನಕ್ಷೆ ದವಾಖಾನೆಯ ಆಸ್ತಿ. ಹೊಸಬನ ಸಹಿ ಬೀಳುವ ತನಕ ಹಳಬನ ಕೊನೆಯ ಬಿಲ್ಲು ಹೊರಡಬಾರದು. ಇದೊಂದು ಇದ್ದಿದ್ದರೆ ಆ ಎರಡು ಹೋರಿ ಇವತ್ತು ಕೊಟ್ಟಿಗೆಯಲ್ಲಿರುತ್ತಿದ್ದವು.

ನಾಲ್ಕು, ಉಪ್ಪು, ಎಣ್ಣೆ, ಬೆಲ್ಟು, ಗಾಸ್ಕೆಟ್‌ನಂಥ ಸಣ್ಣ ಸಾಮಾನಿಗೆ ದವಾಖಾನೆಯ ಮುಖ್ಯಸ್ಥರ ಕೈಯಲ್ಲೇ ಸ್ವಲ್ಪ ರೊಕ್ಕ ಇರಬೇಕು. ದವಾಖಾನೆ ಬಾಂಧಕಾಮ ಖಾತೆಯ ವಿದ್ಯುತ್ ವಿಭಾಗಕ್ಕೆ ಪತ್ರ ಬರೆಯುವುದು, ಅವರು ಗುತ್ತೇದಾರನಿಗೆ ಬರೆಯುವುದು, ಅವನು ‘ಇದು ನನ್ನ ಕರಾರಿನಲ್ಲಿಲ್ಲ’ ಅನ್ನುವುದು, ಈ ಮೂರು ಪತ್ರ ತಿರುಗುವಷ್ಟರಲ್ಲಿ ಬಾಯ್ಲರ್ ಮುಗಿದಿರುತ್ತದೆ.

ಐದು, ಹುಡುಗರು ನಮ್ಮಲ್ಲೇ ಇದ್ದಾರೆ. ಹಂಗಾಮು ಮುಗಿದ ಮೇಲೆ ಕಾರಖಾನೆಯ ಬಾಯ್ಲರ್ ತಣ್ಣಗಾಗುತ್ತದೆ, ಹಂಗಾಮಿ ಕಾರ್ಮಿಕರು ಮನೆಯಲ್ಲಿ ಕೂಡುತ್ತಾರೆ, ಇಲ್ಲವೇ ಪುಣೆ, ಹೈದರಾಬಾದಿಗೆ ಹೋಗಿ ಕಾವಲು ಕಾಯುತ್ತಾರೆ. ಅವರಿಗೆ ದವಾಖಾನೆಯ ಕೆಲಸದ ತರಬೇತಿ ಕೊಡುವುದು ದೊಡ್ಡ ಮಾತಲ್ಲ. ಮರಾಠಿ, ಕನ್ನಡ ಎರಡೂ ಬಲ್ಲ ಹುಡುಗರು. ಗೋಡೆಯ ಮೇಲೆ ಇಂಗ್ಲಿಷ್‌ನಲ್ಲಿ ತೂಗುಹಾಕಿದ ಸೂಚನೆಯನ್ನು ಅವರ ಭಾಷೆಯಲ್ಲಿ ಬರೆದು ಹಾಕಿದರೆ ಅರ್ಧ ಅಪಘಾತ ಅಲ್ಲಿಗೇ ತಪ್ಪುತ್ತದೆ.

ಇದಕ್ಕೆ ರೊಕ್ಕ ಹೆಚ್ಚು ಬೇಕು ಅನ್ನುತ್ತಾರೆ. ಬೇಕು, ಸುಳ್ಳಲ್ಲ. ಆರರ ಬದಲು ಎಂಟು ಮಂದಿಯ ಪಗಾರ. ಆದರೆ ಸುಟ್ಟ ಒಂದು ಕಂಪ್ರೆಸರಿನ ಬೆಲೆ, ಮುಂದೆ ಹಾಕಿದ ಆಪರೇಶನ್ನುಗಳ ಬೆಲೆ, ಹೊಲಿಗೆ ಕೀವಾಗಿ ಇನ್ನೂ ಹತ್ತು ದಿನ ಕಾಟಿನಲ್ಲಿ ಉಳಿದ ರೋಗಿಯ ಬೆಲೆ ಯಾವ ಲೆಕ್ಕದ ಪುಸ್ತಕದಲ್ಲಿದೆ? ಅಗ್ಗದ ಬೀಜ ಕೊಂಡವನಿಗೆ ಬಿತ್ತಿದ ಕೂಲಿಯೂ ಹೋಗುತ್ತದೆ, ಹಂಗಾಮೂ ಹೋಗುತ್ತದೆ. ಇದು ಗೊತ್ತಿಲ್ಲದ ರೈತ ಇಲ್ಲ.

ನಮ್ಮದೂ ಒಂದು ಕೆಲಸ ಇದೆ. ಮಹಾರಾಷ್ಟ್ರದ ದವಾಖಾನೆಗಳಿಗೆ ರುಗ್ಣ ಕಲ್ಯಾಣ ಸಮಿತಿ, ಕರ್ನಾಟಕದವಕ್ಕೆ ಆರೋಗ್ಯ ರಕ್ಷಾ ಸಮಿತಿ ಅಂತ ಇವೆ. ಊರ ಪ್ರಮುಖರು ಅದರಲ್ಲಿ ಕೂಡುತ್ತಾರೆ, ಚಹಾ ಕುಡಿದು ಸಹಿ ಮಾಡಿ ಬರುತ್ತಾರೆ. ಮುಂದಿನ ಸಲ ಮೂರು ಕಾಗದ ಕೇಳಲಿ: ಬಾಯ್ಲರಿನ ಈ ವರ್ಷದ ತಪಾಸಣೆ ಪ್ರಮಾಣಪತ್ರ, ಅದನ್ನು ನಡೆಸುವವನ ಅರ್ಹತೆಯ ಪ್ರಮಾಣಪತ್ರ, ಹೋದ ತಿಂಗಳು ಅವನ ಪಿಎಫ್ ಕಟ್ಟಿದ ಚಲನ್. ಸಮಿತಿಯಲ್ಲಿ ಇಲ್ಲದವರಿಗೆ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. ಮೂರು ಕಾಗದದಲ್ಲಿ ಒಂದು ಸಿಗದಿದ್ದರೂ ಅಲ್ಲಿ ಏನೋ ಸೋರುತ್ತಿದೆ ಅಂತ ತಿಳಿಯಬೇಕು.

ಮೂರನೆಯ ದಿನ ಸ್ಟ್ರೆಚರ್ ಒಳಗೆ ಹೋಗುವಾಗ ಅಕ್ಕ ನನ್ನ ಕೈ ಹಿಡಿದು, ‘ತಮ್ಮಾ, ಇವತ್ತರೆ ಅವ ಬಂದಾನೇನೋ?’ ಅಂತ ಕೇಳಿದಳು. ಡಾಕ್ಟರರ ಬಗ್ಗೆ ಅಲ್ಲ, ಆಪರೇಟರನ ಬಗ್ಗೆ. ಆ ಹುಡುಗನ ಹೆಸರು ಅವಳಿಗೆ ಗೊತ್ತಿಲ್ಲ, ಮುಖವನ್ನೂ ನೋಡಿಲ್ಲ. ಆದರೂ ತನ್ನ ಜೀವ ಅವನ ಕೈಯಲ್ಲೂ ಇದೆ ಅಂತ ಶಾಲೆ ಮೆಟ್ಟಿಲು ಹತ್ತದ ಅವಳಿಗೆ ತಿಳಿದಿತ್ತು. ಟೆಂಡರ್ ಬರೆಯುವ ಓದಿದವರಿಗೆ ಇದು ಯಾವಾಗ ತಿಳಿದೀತು? ಎರಡೂ ರಾಜ್ಯಗಳ ಆರೋಗ್ಯ ಖಾತೆಯವರು, ಗಡಿಯ ಜನಪ್ರತಿನಿಧಿಗಳು ಇತ್ತ ಗಮನ ಹರಿಸುವರೇ?